ಆಲ್ಝೈಮರ್ ಇರುವ ಉಡುಪಿಯ ನಮ್ಮಜ್ಜನಿಗೆ ಬೆಳಗ್ಗಿನ ತಿಂಡಿ ನೆನಪಿಲ್ಲ, ಬಡಗುತಿಟ್ಟು ಯಕ್ಷಗಾನದ ಹೆಜ್ಜೆ ಮಾತ್ರ ಮರೆತಿಲ್ಲ. ಯಾಕೆ?

ಈ ಎರಡು ನೆನಪುಗಳನ್ನು ಮೆದುಳಿನ ಬೇರೆ ಬೇರೆ ಭಾಗಗಳು ನೋಡಿಕೊಳ್ಳುತ್ತವೆ. ಏನು ತಿಂದೆ, ಯಾರು ಬಂದಿದ್ದರು ಎಂಬ ಹೊಸ ನೆನಪು ಉಳಿಯಲು ಕಿವಿಯ ನೇರಕ್ಕೆ ಮೆದುಳಿನ ಆಳದಲ್ಲಿರುವ ಹಿಪೊಕ್ಯಾಂಪಸ್ ಬೇಕು. ಆಲ್ಝೈಮರ್ ಸಾಮಾನ್ಯವಾಗಿ ಮೊದಲು ಕೆಡಿಸುವುದು ಅದನ್ನು ಮತ್ತು ಅದರ ಆಸುಪಾಸನ್ನು. ಹೆಜ್ಜೆ, ಈಜು, ಸೈಕಲ್‌ನಂತಹ ಮೈಗೂಡಿದ ಕಲಿಕೆ ಮೆದುಳಿನ ಆಳದ ಬೇಸಲ್ ಗ್ಯಾಂಗ್ಲಿಯಾ ಮತ್ತು ಕಿರುಮೆದುಳಿನ ಪಾಲು. ಅವು ಜಾಸ್ತಿ ಕಾಲ ತಾಳುತ್ತವೆ. ಹಾಗಾಗಿ ಅಜ್ಜ ಸುಮ್ನೆ ಮರೆತಂತೆ ಮಾಡುತ್ತಿದ್ದಾರೆ ಅಂದುಕೊಳ್ಳಬೇಡಿ.

1953ರಲ್ಲಿ ಅಮೆರಿಕದ ಹೆನ್ರಿ ಮೊಲೈಸನ್ ಅವರಿಗೆ ಮೂರ್ಛೆರೋಗಕ್ಕೆಂದು ಎರಡೂ ಬದಿಯ ಹಿಪೊಕ್ಯಾಂಪಸ್‌ನ ದೊಡ್ಡ ಭಾಗ ತೆಗೆದರು. ಆಮೇಲೆ ಕನ್ನಡಿ ನೋಡಿಕೊಂಡು ನಕ್ಷತ್ರದ ಗೆರೆ ಎಳೆಯುವುದರಲ್ಲಿ ಅವರ ಕೈ ದಿನೇದಿನೇ ಪಳಗಿತು. ಆದರೆ ಹಿಂದಿನ ದಿನ ಅಭ್ಯಾಸ ಮಾಡಿದ್ದೇ ಅವರಿಗೆ ನೆನಪಿರುತ್ತಿರಲಿಲ್ಲ!

ಕಾಯಿಲೆ ತುಂಬಾ ಮುಂದುವರಿದರೆ ಅಜ್ಜನ ಹೆಜ್ಜೆಯೂ ತಪ್ಪಬಹುದು. ಅಲ್ಲಿಯವರೆಗೆ ಅವರು ಕುಣಿಯಲಿ.