ಪೆನ್ಸಿಲ್‌ನಲ್ಲಿ ಬರೆದ ಪಟ್ಟಿ

ತಪ್ಪು ಕಣ್ಣಿಗೆ ಬಿದ್ದಿದೆ, ಹೇಳೋಕೆ ಧೈರ್ಯ ಇಲ್ಲ, ರಾತ್ರಿ ನಿದ್ದೆ ಇಲ್ಲ. ಈ ವರ್ಷ ಆಪ್ತಸಲಹೆಗೆ ನನ್ನ ಹತ್ತಿರ ಹೀಗೆ ಬಂದವರಲ್ಲಿ ಈಕೆ 4ನೆಯವರು. ಅದಕ್ಕೇ ಬರೆಯುತ್ತಿದ್ದೇನೆ, ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರ ಬದಲಿಸಿ.

ವಯಸ್ಸು 26. ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಎಪಿಐ (ಒಂದು ಸಾಫ್ಟ್‌ವೇರ್ ಇನ್ನೊಂದನ್ನು ಬಳಸಿಕೊಳ್ಳುವ ದಾರಿ) ಡಾಕ್ಯುಮೆಂಟ್ ನೋಡಿಕೊಳ್ಳುವ ಕೆಲಸ. ಯಾವ ಫಂಕ್ಷನ್‌ಗೆ (ಒಂದು ಕೆಲಸ ಮಾಡಿಕೊಡುವ ಕೋಡ್ ತುಣುಕಿಗೆ) ಏನು ಕೊಡಬೇಕು ಅಂತ ಹೊರಗಿನ ಪ್ರೋಗ್ರಾಮರ್‌ಗಳಿಗೆ ತಿಳಿಸಬೇಕು. ಮೊದಲ ಎರಡು ಭೇಟಿಯಲ್ಲಿ ಉಸಿರಾಟದ ಅಭ್ಯಾಸ, ಮಲಗುವ ಹೊತ್ತು ಅಂತ ಏನೇನೋ ಹೇಳಿ ಕಳಿಸಿದೆ. ಉಪಯೋಗ ಆಗಲಿಲ್ಲ.

ಮೂರನೇ ಸಲ ಒಂದು ನೋಟ್‌ಬುಕ್ ತಂದಿದ್ದರು. ಡಾಕ್ಯುಮೆಂಟ್‌ನಲ್ಲಿ ಕಂಡ ತಪ್ಪುಗಳ ಪಟ್ಟಿ. ಮೊದಲ ಸಾಲು: ಖಾತೆ ಸಂಖ್ಯೆ, ಟೈಪ್ (ಮಾಹಿತಿಯ ಬಗೆ) ನಂಬರ್ ಅಂತಿದೆ, ಸ್ಟ್ರಿಂಗ್ (ಬರೆದ ಹಾಗೇ ಉಳಿಯುವ ಅಕ್ಷರಗಳ ಸಾಲು) ಆಗಬೇಕು.

“ಸಂಖ್ಯೆ ಅಂದ್ಮೇಲೆ ನಂಬರ್ ಅಲ್ವಾ?” ಅಂದೆ.

ಲ್ಯಾಪ್‌ಟಾಪ್ ತೆಗೆದು ಬ್ರೌಸರ್ ಕನ್ಸೋಲ್‌ನಲ್ಲಿ (ಜಾವಾಸ್ಕ್ರಿಪ್ಟ್ ಅನ್ನುವ ಭಾಷೆಯ ಕೋಡ್ ಬರೆದು ನೋಡುವ ಜಾಗ) 9007199254740993 ಅಂತ ಟೈಪ್ ಮಾಡಿ ಎಂಟರ್ ಒತ್ತಿದರು. ವಾಪಸ್ ಬಂದಿದ್ದು 9007199254740992. ಎರರ್ ಏನೂ ಇಲ್ಲ. ಕೊನೆಯ ಅಂಕಿ ಸುಮ್ನೆ ಬದಲಾಗಿತ್ತು. “ಜಾವಾಸ್ಕ್ರಿಪ್ಟ್ ನಂಬರನ್ನ 9007199254740991ರ ತನಕ ಮಾತ್ರ ನಂಬ್ಬಹುದು ಮೇಡಂ. ಮುಂದೆ ಸೊನ್ನೆ ಇದ್ರೆ ಅವೂ ಉದುರಿ ಹೋಗ್ತವೆ. ಕೂಡಿ ಕಳೆಯೋದಿದ್ರೆ ನಂಬರ್. ಗುರುತಿಗೆ ಇರೋದಾದ್ರೆ ಸ್ಟ್ರಿಂಗ್.”

ಬ್ಯಾಗಿನಲ್ಲಿದ್ದ ಪಾಸ್‌ಬುಕ್ ತೆಗೆದು ನೋಡಿದೆ. ನನ್ನ ಖಾತೆ ಸಂಖ್ಯೆಯ ಮುಂದೆ ಸಾಲಾಗಿ 6 ಸೊನ್ನೆ!

ಇಷ್ಟು ಚೆನ್ನಾಗಿ ಗೊತ್ತಿರುವವರಿಗೆ ಭಯ ಯಾಕೆ? ಆಗ ಗಮನಿಸಿದೆ, ಪಟ್ಟಿ ಪೂರ್ತಿ ಪೆನ್ಸಿಲ್‌ನಲ್ಲಿತ್ತು. ಯಾಕೆ ಅಂತ ಕೇಳಿದೆ.

“ಡಾಕ್ಯುಮೆಂಟ್ ಬರೆದಿದ್ದು ನಮ್ ಸೀನಿಯರ್. ನಂದೇ ತಪ್ಪಾಗಿದ್ರೆ ಅಳಿಸ್ಬಹುದಲ್ಲ ಅಂತ.” ಸ್ವಲ್ಪ ಹೊತ್ತು ಸುಮ್ಮನಿದ್ದು, “ಇದನ್ನ ಎರಡು ತಿಂಗಳ ಹಿಂದೆನೇ ನೋಡಿದ್ದೆ. ಹೋದ ವಾರ ಒಬ್ರು ಗ್ರಾಹಕರು ಹಾಗೇ ಕೋಡ್ ಬರೆದು ಒದ್ದಾಡಿದ್ರು” ಅಂದರು.

ನಿದ್ದೆ ಕೆಡಿಸಿದ್ದು ಇದು.

ಸೀನಿಯರ್‌ಗೆ ಕಳಿಸಲು ಒಂದು ಮೇಲ್ ಬರೆದಿಟ್ಟಿದ್ದರು. ಅರ್ಧ ಪುಟ, ಶುರುವಾಗುವುದೇ “ತಪ್ಪು ತಿಳ್ಕೋಬೇಡಿ ಸರ್” ಅಂತ. ಕೂತು ಇಬ್ಬರೂ ಕತ್ತರಿಸಿದೆವು. ಕೊನೆಗೆ ಉಳಿದಿದ್ದು ಇಷ್ಟು: ಈ ಪ್ಯಾರಾಮೀಟರ್‌ನ (ಫಂಕ್ಷನ್‌ಗೆ ಕೊಡುವ ಮಾಹಿತಿಯ) ಟೈಪ್ ಸ್ಟ್ರಿಂಗ್ ಆಗಬೇಕು, ನಂಬರ್ ಕೊಟ್ಟರೆ ಹೀಗಾಗುತ್ತದೆ. ಕೆಳಗೆ ಆ ಎರಡು ಸಂಖ್ಯೆ. ಯಾರು ಬರೆದರು ಅನ್ನುವ ಮಾತೇ ಇಲ್ಲ. ಎರಡು ತಿಂಗಳು ಸುಮ್ಮನಿದ್ದ ವಿಷಯವನ್ನು ಮಾತ್ರ ಎದುರಿಗೆ ಕೂತು ಹೇಳಿ, ಒಂದೇ ಸಲ ಹೇಳಿ ಅಂದೆ.

ಆಪ್ತಸಲಹೆಗಾರರು ಮೇಲ್ ತಿದ್ದಿಕೊಡಬಾರದು ಅಂತ ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಇರಬಹುದು. ಆದರೆ ಕಾಲಿಗೆ ಮುಳ್ಳು ಚುಚ್ಚಿದವರಿಗೆ ನಡೆಯುವ ರೀತಿ ಹೇಳಿಕೊಡುವುದು ನನಗೆ ಒಗ್ಗುವುದಿಲ್ಲ. ಎಲ್ಲರಿಗೂ ಇದನ್ನೇ ಹೇಳುತ್ತೇನೆ ಅಂತಲೂ ಅಲ್ಲ. ಕೆಲಸಕ್ಕೇ ಕುತ್ತು ಬರುವ ಹಾಗಿದ್ದರೆ, ಮೊದಲು ಆಫೀಸಿನಲ್ಲಿ ಜೊತೆಗೊಬ್ಬರನ್ನು ಹುಡುಕಿಕೊಳ್ಳಿ ಅನ್ನುತ್ತೇನೆ. ಇಲ್ಲಿ ಹಾಗಿರಲಿಲ್ಲ. ಹಿಂದೊಮ್ಮೆ ಸ್ಪೆಲ್ಲಿಂಗ್ ತಪ್ಪು ತೋರಿಸಿದಾಗ ಇದೇ ಸೀನಿಯರ್ ಥ್ಯಾಂಕ್ಸ್ ಹೇಳಿದ್ದರಂತೆ. ಈಕೆಗೆ ಅದು ಮರೆತೇ ಹೋಗಿತ್ತು.

ನಾಲ್ಕನೇ ಭೇಟಿಯಲ್ಲಿ ಉತ್ತರವನ್ನು ಮೊಬೈಲ್‌ನಲ್ಲಿ ತೋರಿಸಿದರು. “ಸರಿ. ರೀಫಂಡ್ ಫಂಕ್ಷನ್‌ನಲ್ಲೂ ಹೀಗೇ ಇದೆ, ಅದನ್ನೂ ಸೇರಿಸಿ.” ಎರಡು ತಿಂಗಳ ವಿಷಯಕ್ಕೆ ಮಾತ್ರ ಬೈಸಿಕೊಂಡರಂತೆ, ಆ ಬೇಜಾರು ಇನ್ನೂ ಇದೆ. ನಿದ್ದೆ ಬರುತ್ತಿದೆ. ಪಟ್ಟಿಯಲ್ಲಿ ಇನ್ನೂ 18 ಸಾಲು ಬಾಕಿ.