ಸುಣ್ಣ ಮೆತ್ತಿದರೆ ಸೌಧ

ಪ್ರಶ್ನೆ: ನಮ್ಮೂರಿನ ಪಂಚಾಯಿತಿಗೆ ಎರಡು ಕೋಣೆಯ ಹೊಸ ಕಟ್ಟಡ ಆಗಿದೆ. ಅದಕ್ಕೆ ‘ಗ್ರಾಮ ಸೌಧ’ ಎಂದು ಹೆಸರಿಡುತ್ತಾರಂತೆ. ಸೌಧ ಅಂದರೆ ಅರಮನೆಯಂಥ ದೊಡ್ಡ ಕಟ್ಟಡವಲ್ಲವೇ? ಇದು ತಪ್ಪು ಪ್ರಯೋಗವೇ?
– ಓದುಗರೊಬ್ಬರು, ತುಮಕೂರು ಜಿಲ್ಲೆ

ಉತ್ತರ: ನಿಮ್ಮ ಅನುಮಾನಕ್ಕೆ ಅಮರಕೋಶದ ಬೆಂಬಲವಿದೆ. ಅದು ‘ಸೌಧ’ಕ್ಕೆ ಕೊಡುವ ಅರ್ಥ ರಾಜಸದನ. ಸಿರಿವಂತರ ಮನೆಗೆ ಅಲ್ಲಿ ಬೇರೆಯೇ ಪದವಿದೆ, ಹರ್ಮ್ಯ. ದೇವರಿಗೂ ದೊರೆಗೂ ಸಲ್ಲುವುದು ಪ್ರಾಸಾದ. (ಇದನ್ನು ‘ಪ್ರಸಾದ’ ಎಂದು ಬರೆದು ಅರಮನೆಯನ್ನೇ ಕಣ್ಣಿಗೊತ್ತಿಕೊಂಡು ತಿನ್ನುವವರೂ ಇದ್ದಾರೆ.)

ಆದರೆ ಪದದ ಬೇರು ಹಿಡಿದು ಹೋದರೆ ಅಲ್ಲಿ ಎತ್ತರವೂ ಇಲ್ಲ, ಅಗಲವೂ ಇಲ್ಲ, ಇರುವುದು ಸುಣ್ಣ. ‘ಸುಧಾ’ ಅಂದರೆ ಅಮೃತ ಮಾತ್ರವಲ್ಲ, ಸುಣ್ಣವೂ ಹೌದು. ಸುಧೆ ಮೆತ್ತಿದ್ದು ಸೌಧ. ಹಳೆಯ ಗಾರೆ ಕೆಲಸ ಕಂಡವರಿಗೆ ಇದು ಬೇಗ ಹೊಳೆಯುತ್ತದೆ. ಸುಟ್ಟ ಸುಣ್ಣವನ್ನು ನೀರಲ್ಲಿ ಅರಳಿಸಿ, ಮರಳು ಕೂಡಿಸಿ ಅರೆದು, ಬೆಲ್ಲದ ನೀರು ಬೆರೆಸಿ, ಗೋಡೆಗೆ ಮೆತ್ತಿ, ಕೈ ಸೋಲುವವರೆಗೂ ತಿಕ್ಕಬೇಕು. ಆಗ ಬರುವ ಬಿಳುಪು ಬೆಳದಿಂಗಳಲ್ಲೂ ಮಿನುಗುತ್ತದೆ. ಮಣ್ಣುಗೋಡೆಗಳ ನಡುವೆ ಅಂಥ ಮನೆ ಕಟ್ಟಿಸುವ ತಾಕತ್ತು ಎಷ್ಟು ಜನಕ್ಕೆ ಇದ್ದೀತು? ಬಿಳಿ ಮನೆ ದೊಡ್ಡವರ ಮನೆಯಾಯಿತು, ಆಮೇಲೆ ದೊಡ್ಡ ಮನೆಯೇ ಆಯಿತು.

ತಮಾಷೆ ನೋಡಿ, ನಮ್ಮ ಅತಿ ಪ್ರಸಿದ್ಧ ಸೌಧಕ್ಕೆ ಬಿಳುಪಿನ ಹಂಗಿಲ್ಲ. ಕೆಂಗಲ್ ಹನುಮಂತಯ್ಯನವರು ಹಟ ಹಿಡಿದು ಕಟ್ಟಿಸಿದ, 1956ರಲ್ಲಿ ಮುಗಿದ ವಿಧಾನಸೌಧದ್ದು ಗ್ರಾನೈಟ್ ಮೈ. ಎದುರಿನ ಕೆಂಪು ಕಟ್ಟಡ, ಅಂದರೆ ಈಗಿನ ಹೈಕೋರ್ಟ್, ಹೆಸರಲ್ಲಿ ಬರೀ ಕಚೇರಿ, ‘ಅಠಾರಾ ಕಚೇರಿ’. ವಿಧಾನಸೌಧ ಮಾತ್ರ ಸೌಧ. ಅಲ್ಲಿಂದ ಪದಕ್ಕೆ ಸರ್ಕಾರಿ ಮೊಹರು ಬಿತ್ತು: ವಿಕಾಸಸೌಧ, 2012ರಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧ, ತಾಲ್ಲೂಕಿಗೊಂದು ಮಿನಿ ವಿಧಾನಸೌಧ. ‘ಮಿನಿ’ಯೂ ‘ಸೌಧ’ವೂ ಒಂದೇ ಬೋರ್ಡಿನಲ್ಲಿದ್ದವು! ಈಗ ಅದರ ಸರ್ಕಾರಿ ಹೆಸರು ‘ತಾಲ್ಲೂಕು ಆಡಳಿತ ಸೌಧ’, ಜನರ ಬಾಯಲ್ಲಿ ಹಳೆಯದೇ. ‘ಮಿನಿ ವಿಧಾನಸೌಧಕ್ಕೆ ಹೋಗಿದ್ದೆ’ ಅಂದರೆ ಇವತ್ತು ಯಾರಿಗೂ ಅರಮನೆ ನೆನಪಾಗುವುದಿಲ್ಲ, ಪಹಣಿಯೋ ಜಾತಿ ಪ್ರಮಾಣಪತ್ರವೋ ನೆನಪಾಗುತ್ತದೆ.

ಹೀಗಾಗಿ ‘ಗ್ರಾಮ ಸೌಧ’ ಈಗಿನ ಬಳಕೆಯಲ್ಲಿ ತಪ್ಪಲ್ಲ. ನನ್ನನ್ನು ಕೇಳಿದ್ದರೆ ‘ಭವನ’ ಸಾಕು ಅನ್ನುತ್ತಿದ್ದೆ. ಅದಕ್ಕೆ ಅಳತೆಯ ಗೊಡವೆಯಿಲ್ಲ. ಆದರೂ ಸೌಧವೇ ಬೇಕೆಂದರೆ, ಬೋರ್ಡ್ ಬರೆಯುವವರಿಗೆ ‘ಧ’ದ ಹೊಟ್ಟೆ ಸೀಳಲು ಮರೆಯಬೇಡಿ ಎಂದು ಹೇಳಿ. ‘ಸೌದ’ ಎಂದು ಬರೆದುಬಿಟ್ಟರೆ ಅದು ಅರಮನೆಗಿಂತ ಸೌದೆ ಡಿಪೋಗೇ ಹತ್ತಿರ.