ಬೋಟ್ ಮೇಲೆ ಟ್ಯಾಂಕ್ ತಲೆ, ಶತ್ರು ಕೈಯಿಂದ ಕಿತ್ಕೊಂಡ ಗನ್‌ಬೋಟ್

ಪ್ರಶ್ನೆ: ಸರ್, ಎರಡನೇ ಮಹಾಯುದ್ಧದ ಒಂದು ಹಳೇ ಫೋಟೋ ನೋಡ್ದೆ, ಸಣ್ಣ ಬೋಟ್ ಮೇಲೆ ಥೇಟ್ ಟ್ಯಾಂಕಿನ ತಲೆನೇ ತಂದು ಕೂರಿಸಿದಾರೆ. ನಿಜವಾಗ್ಲೂ ಹೀಗಿತ್ತಾ ಅಥವಾ ಯಾರೋ ಎಡಿಟ್ ಮಾಡಿರೋದಾ? ಇನ್ನೊಂದು, ಸರೋವರದಲ್ಲಿ ಯುದ್ಧ ನಡೆಯೋವಾಗ ಶತ್ರುವಿನ ಬೋಟ್ ಸಿಕ್ಕಿದ್ರೆ ಅದನ್ನೇ ರಿಪೇರಿ ಮಾಡಿ ಅವರ ಮೇಲೇ ಬಿಡ್ತಿದ್ರಂತೆ, ಹೌದಾ?

ಉತ್ತರ: ಎರಡೂ ನಿಜ. ಫೋಟೋದಲ್ಲಿರೋದು ಬಹುಶಃ ಸೋವಿಯತ್ ‘ಬ್ರೋನೆಕಾಟೆರ್’, ಅಂದ್ರೆ ಉಕ್ಕಿನ ಕವಚ ತೊಟ್ಟ ಬೋಟ್. 1930ರ ದಶಕದಲ್ಲಿ ಯೂಲಿ ಬೆನುವಾ ಅನ್ನೋ ಎಂಜಿನಿಯರ್ ತಂಡ ಇದನ್ನ ಡಿಸೈನ್ ಮಾಡ್ತು. ಎರಡು ಸೈಜು: ಪ್ರಾಜೆಕ್ಟ್ 1125 ಅನ್ನೋ ಚಿಕ್ಕದರಲ್ಲಿ ಒಂದು ಟರೆಟ್ (ತೋಪು ಇರೋ, ಸುತ್ತ ತಿರುಗೋ ಟ್ಯಾಂಕಿನ ತಲೆ), ಪ್ರಾಜೆಕ್ಟ್ 1124 ಅನ್ನೋ ದೊಡ್ಡದರಲ್ಲಿ ಎರಡು.

ಟ್ಯಾಂಕ್ ಟರೆಟ್ಟೇ ಯಾಕೆ ಅಂತ ಕೇಳ್ಬಹುದು. ಫ್ಯಾಕ್ಟರಿಲಿ ಅದು ಆಗ್ಲೇ ತಯಾರಾಗ್ತಿತ್ತು, ಅಷ್ಟೇ! ತೋಪು, ಗುರಿ ನೋಡೋ ದುರ್ಬೀನು, ತಿರುಗೋ ಗಾಲಿ, ಸುತ್ತ ಕವಚ ಎಲ್ಲಾ ಒಂದೇ ಗಂಟಲ್ಲಿ ಸಿಗುತ್ತೆ, ಬೋಟಿಗೇ ಅಂತ ಬೇರೆ ತೋಪು ಮಾಡಿ ಟೆಸ್ಟ್ ಮಾಡ್ತಾ ಕೂತ್ರೆ ವರ್ಷಗಳೇ ಹೋಗ್ತವೆ, ಜೊತೆಗೆ ಸೈನ್ಯದ ಗುಂಡೇ ಇದಕ್ಕೂ ಆಗುತ್ತೆ. ಮೊದಮೊದಲು ಟಿ-28 ಟ್ಯಾಂಕಿನ ಟರೆಟ್ ಹಾಕಿದ್ರು, ಆಮೇಲೆ ಟಿ-34ದು. ತೋಪು 76 ಮಿ.ಮೀ.

1125ರ ಒಳಗೆ ಒಂದು ಸಲ ಇಳಿದು ನೋಡಿದ ಹಾಗೆ ಅಂದ್ಕೊಳ್ಳಿ. ಉದ್ದ 23 ಮೀಟರಿಗೂ ಸ್ವಲ್ಪ ಕಮ್ಮಿ, ತೂಕ 30 ಟನ್ ಆಸುಪಾಸು, ಒಳಗೆ ಹತ್ತು ಹನ್ನೆರಡು ಜನ. ನೀರಲ್ಲಿ ಮುಳುಗೋದು ಸುಮಾರು ಅರ್ಧ ಮೀಟರ್ ಮಾತ್ರ, ನಮ್ಮ ಮೊಣಕಾಲಿನಷ್ಟು, ಅದಕ್ಕೇ ಪ್ರೊಪೆಲ್ಲರನ್ನ ತಳದಲ್ಲೇ ಮಾಡಿದ ಸುರಂಗದಂಥ ಗೂಡಲ್ಲಿ ಇಟ್ಟಿದಾರೆ, ಇಲ್ಲಾಂದ್ರೆ ಮರಳಿಗೆ ತಾಗಿ ಮುರಿಯುತ್ತೆ. ಪಕ್ಕದ ಕವಚ ಬರೀ 7 ಮಿ.ಮೀ., ರೈಫಲ್ ಗುಂಡು, ಚೂರುಗಳನ್ನ ತಡೆಯುತ್ತೆ, ಅಷ್ಟೇ. ಟಿ-34 ಟರೆಟ್ ಮುಂಭಾಗ 45 ಮಿ.ಮೀ. ದಪ್ಪ. ಅಂದ್ರೆ ತಲೆ ಟ್ಯಾಂಕಿಂದು, ಮೈ ತಗಡಿಂದು. ಕೆಳಗೆ ಪೆಟ್ರೋಲ್ ಎಂಜಿನ್, ಹಲವು ಬೋಟಲ್ಲಿ ಅದು ವಿಮಾನದ ಎಂಜಿನ್ನಿಂದ ಹುಟ್ಟಿದ್ದು. ಪೆಟ್ರೋಲ್ ಟ್ಯಾಂಕಿನ ಪಕ್ಕ ಕೂತು ಹೋರಾಡಿದ ಆ ಹುಡುಗರ ಧೈರ್ಯ ನೆನೆಸ್ಕೊಂಡ್ರೆ ನಂಗೆ ಈಗಲೂ ಮೈ ಜುಂ ಅನ್ನುತ್ತೆ.

ತೊಂದರೆಗಳೂ ಇದ್ವು. ಟ್ಯಾಂಕ್ ತೋಪು ಜಾಸ್ತಿ ಮೇಲಕ್ಕೆ ಏಳಲ್ಲ, ಹೆಚ್ಚೆಂದ್ರೆ 25 ಡಿಗ್ರಿ ಹತ್ರ, ಹಾಗಾಗಿ ವಿಮಾನ ಬಂದ್ರೆ ಅದು ಉಪಯೋಗಕ್ಕೆ ಬರಲ್ಲ, ಮೆಷಿನ್‌ಗನ್ನೇ ಗತಿ. ನೆಲದ ಮೇಲೆ ನಿಂತ ಟ್ಯಾಂಕಿಂದ ಗುರಿ ಇಡೋದು ಬೇರೆ, ಓಲಾಡೋ ಬೋಟಿಂದ ಇಡೋದು ಬೇರೆ. ಇವು ನದಿಗೆ ಅಂತ ಹುಟ್ಟಿದ ಬೋಟುಗಳು, ಆದ್ರೆ ರಷ್ಯಾದ ಲಡೋಗಾ ಸರೋವರದ ಅಲೆ ಸಮುದ್ರಕ್ಕೇನೂ ಕಮ್ಮಿ ಇಲ್ಲ.

ಈಗ ಎರಡನೇ ಪ್ರಶ್ನೆ. ಇದು ಅರ್ಥ ಆಗ್ಬೇಕಂದ್ರೆ ಒಂದು ವಿಷಯ ತಲೇಲಿರ್ಲಿ: ಸರೋವರಕ್ಕೆ ಹಡಗು ಸುಮ್ನೆ ತೇಲ್ಕೊಂಡು ಬರಲ್ಲ. ಒಂದೋ ಅಲ್ಲೇ ಕಟ್ಬೇಕು, ಇಲ್ಲಾ ನೆಲದ ಮೇಲೆ ಹೊತ್ತು ತರ್ಬೇಕು, ಇಲ್ಲಾ ಶತ್ರು ಕೈಯಿಂದ ಕಿತ್ಕೋಬೇಕು. ಬ್ರೋನೆಕಾಟೆರ್‌ನ ಸೈಜನ್ನೇ ರೈಲು ವ್ಯಾಗನ್ ಮೇಲೆ ಸಾಗಿಸೋಕೆ ಆಗೋ ಹಾಗೆ ಇಟ್ಟಿದ್ದು ಇದಕ್ಕೇ. 1942ರಲ್ಲಿ ಇಟಲಿಯವರು ನಾಲ್ಕು ಟಾರ್ಪೆಡೋ ಬೋಟುಗಳನ್ನ ಟ್ರೇಲರ್ ಮೇಲೆ ಹೇರ್ಕೊಂಡು ಆಲ್ಪ್ಸ್ ಬೆಟ್ಟ ದಾಟಿಸಿ ಲಡೋಗಾವರೆಗೆ ಮುಟ್ಟಿಸಿದ್ರು! ಹೀಗಿರೋವಾಗ ಸೆರೆ ಸಿಕ್ಕ ಒಂದು ಬೋಟ್ ಎಷ್ಟು ಬೆಲೆಬಾಳುತ್ತೆ ಯೋಚಿಸಿ, ಅವರಿಗೆ ಒಂದು ಕಮ್ಮಿ, ನಮಗೆ ಒಂದು ಜಾಸ್ತಿ. 1941ರ ಅಕ್ಟೋಬರಲ್ಲಿ ಒನೆಗಾ ಸರೋವರದ ದಡದ ಸೋವಿಯತ್ ಊರು ಪೆಟ್ರೊಜಾವೊಡ್ಸ್ಕ್ ಹಿಡಿದ ಮೇಲೆ ಫಿನ್ಲೆಂಡಿನವರು ಆ ಸರೋವರದಲ್ಲಿ ಕಟ್ಟಿದ ನೌಕಾದಳ ಬಹುಪಾಲು ಸೋವಿಯತ್ ಹಡಗುಗಳಿಂದಲೇ ಆಗಿದ್ದು.

ಆದ್ರೆ ಇದಕ್ಕೆ ಅತಿ ಚೆನ್ನಾದ ಉದಾಹರಣೆ ಬೇಕಂದ್ರೆ ಮೊದಲ ಮಹಾಯುದ್ಧಕ್ಕೆ, ಆಫ್ರಿಕಾದ ಟ್ಯಾಂಗನೀಕಾ ಸರೋವರಕ್ಕೆ ಹೋಗ್ಬೇಕು. ಅಲ್ಲಿ ಜರ್ಮನ್ ಹಡಗುಗಳದೇ ದರ್ಬಾರು. ಬ್ರಿಟಿಷರು ‘ಮಿಮಿ’, ‘ತುತು’ ಅಂತ ಎರಡು 40 ಅಡಿ ಮೋಟಾರ್ ಬೋಟುಗಳನ್ನ 1915ರ ಜೂನಲ್ಲಿ ಇಂಗ್ಲೆಂಡಿಂದ ಹೊರಡಿಸಿದ್ರು, ಕೇಪ್‌ಟೌನ್‌ವರೆಗೆ ಹಡಗು, ಅಲ್ಲಿಂದ ಕಾಂಗೋವರೆಗೆ ರೈಲು, ಆಮೇಲೆ ಸುಮಾರು 230 ಕಿ.ಮೀ. ಕಾಡು ಬೆಟ್ಟದಲ್ಲಿ ಸ್ಟೀಮ್ ಎಂಜಿನ್ನು, ಎತ್ತುಗಳಿಂದ ಎಳೆಸಿ, ದಾರಿಯುದ್ದಕ್ಕೂ ಸೇತುವೆ ಕಟ್ಕೊಂಡು, 6,000 ಅಡಿ ಎತ್ತರ ಹತ್ತಿ ಇಳಿದು, ಮತ್ತೆ ರೈಲು, ನದಿ, ಮತ್ತೆ ರೈಲು, ಅಂತೂ ಅಕ್ಟೋಬರ್ ಕೊನೇಲಿ ಸರೋವರ ಮುಟ್ಟಿದ್ರು. ಮರ ಕಡಿದು ರಸ್ತೆ ಮಾಡಿದೋರು, ಹಗ್ಗ ಎಳೆದೋರು ಅಲ್ಲಿನ ಆಫ್ರಿಕನ್ ಕೂಲಿಗಳು. ಈ ಕಥೆ ಹೇಳೋರೆಲ್ಲ ಬ್ರಿಟಿಷ್ ದಳದ ಕಮಾಂಡರ್ ಸ್ಪೈಸರ್-ಸಿಮ್ಸನ್ ಹೆಸರೇ ಹೇಳ್ತಾರೆ, ಈ ಕೂಲಿಗಳ ಹೆಸರು ಬರಲ್ಲ, ಅದು ನಂಗೆ ಪ್ರತಿ ಸಲ ಚುಚ್ಚುತ್ತೆ.

1915 ಡಿಸೆಂಬರ್ 26, ಭಾನುವಾರ ಬೆಳಿಗ್ಗೆ, ಬ್ರಿಟಿಷರ ಪ್ರಾರ್ಥನೆ ನಡೀತಿರೋವಾಗ ಜರ್ಮನ್ ಗನ್‌ಬೋಟ್ ‘ಕಿಂಗಾನಿ’ ಕಾಣಿಸ್ತು. ಅದರ ತೋಪು ಮುಂದಕ್ಕೆ ಮಾತ್ರ ಹೊಡೀತಿತ್ತು, ಹಿಂದಿಂದ ಬಂದೋರಿಗೆ ಏನೂ ಮಾಡೋಕಾಗಲ್ಲ. ಬ್ರಿಟಿಷ್ ಬೋಟುಗಳು ಹಿಂದಿಂದಲೇ ಅಟ್ಟಿಸ್ಕೊಂಡು ಹೋದ್ವು. ಹತ್ತು ಹನ್ನೊಂದು ನಿಮಿಷ ಅಷ್ಟೇ, ಕ್ಯಾಪ್ಟನ್ ಸತ್ತ, ಎಂಜಿನಿಯರ್ ಬಿಳಿ ಕರವಸ್ತ್ರ ಬೀಸಿದ. ದಡಕ್ಕೆ ತರೋಷ್ಟರಲ್ಲಿ ನೀರು ನುಗ್ಗಿ ಕಿಂಗಾನಿ ತಳ ಹಿಡೀತು, ಅದನ್ನ ಎತ್ತಿ, ತೂತು ಮುಚ್ಚಿ, ಮುಂದುಗಡೆ 12-ಪೌಂಡರ್ (ಸುಮಾರು 12 ಪೌಂಡ್ ತೂಕದ ಗುಂಡು ಹೊಡೆಯೋ) ತೋಪು ಕೂರಿಸಿ ‘ಫಿಫಿ’ ಅಂತ ಹೆಸರಿಟ್ರು. ಅಷ್ಟು ಸಣ್ಣ ಬೋಟಿಗೆ ಅದು ಎಷ್ಟು ದೊಡ್ಡ ತೋಪು ಅಂದ್ರೆ ಹೊಡೆದಾಗಲೆಲ್ಲ ಹಿಂದಕ್ಕೆ ಒದ್ದು ಬೋಟಿನ ವೇಗವನ್ನೇ ತಡೀತಿತ್ತು.

1916 ಫೆಬ್ರವರಿ 9ಕ್ಕೆ ಕಿಂಗಾನಿಯ ಜೊತೆಗಾರ ‘ಹೆಡ್ವಿಗ್ ಫಾನ್ ವಿಸ್ಮನ್’ ಬಂತು. ಓಟದಲ್ಲಿ ಅದು ಫಿಫಿಗಿಂತ ಜೋರು. ಮಿಮಿ ಫಿಫಿಯನ್ನ ದಾಟಿ ಮುಂದೆ ಓಡಿ ಹೆಡ್ವಿಗ್‌ಗೆ ಹಿಂದುಗಡೆಯಿಂದ ಕಾಟ ಕೊಡ್ತಾ ಹೋಯ್ತು, ಅದಕ್ಕೆ ಉತ್ತರ ಕೊಡೋಕೆ ಹೆಡ್ವಿಗ್ ತಿರುಗಿದಾಗಲೆಲ್ಲ ಫಿಫಿ ಹತ್ರ ಆಗ್ತಾ ಬಂತು. ಫಿಫಿ ಗುಂಡುಗಳು ಮಾತ್ರ ಗುರಿ ದಾಟಿ ಆಚೆ ಬೀಳ್ತಿದ್ವು, ಮಿಮಿಯವರು ವಾಪಸ್ ಬಂದು ಹೇಳ್ಬೇಕಾಯ್ತು. ಕೊನೆಗೆ ಮೂರೇ ಗುಂಡು ಉಳಿದಾಗ ಒಂದು ತೋಪಲ್ಲೇ ಸಿಕ್ಕಾಕೊಳ್ತು, ಅದನ್ನ ಬಿಡಿಸೋಕೆ 20 ನಿಮಿಷ. ಆಮೇಲೆ ಹೊಡೆದದ್ದು ಎಂಜಿನ್ ರೂಮಿಗೇ ಬಿತ್ತು, ಹೆಡ್ವಿಗ್ ಮುಳುಗ್ತು. ಒಂದೂವರೆ ತಿಂಗಳ ಹಿಂದೆ ಜರ್ಮನ್ ಬಾವುಟ ಹಾರಿಸ್ತಿದ್ದ ಬೋಟೇ ಜರ್ಮನ್ ಹಡಗನ್ನ ಮುಳುಗಿಸ್ತು, ನೀವು ಕೇಳಿದ್ದು ಇದನ್ನೇ ತಾನೆ?

ಹಾಗಂತ ಸೆರೆ ಸಿಕ್ಕ ಬೋಟೆಲ್ಲ ಲಾಭವೇ ಅಂದ್ಕೋಬೇಡಿ. ಗುಂಡು ಯಾರದು, ಬಿಡಿಭಾಗ ಎಲ್ಲಿಂದ, ನಮ್ಮೋರೇ ಶತ್ರು ಅಂದ್ಕೊಂಡು ಹೊಡೆದ್ರೆ? ಫಿಫಿಗೆ ಬೇರೆ ತೋಪು ಹಾಕಿದ್ರು. ಟ್ಯಾಂಕ್ ಟರೆಟ್ ಇರೋ ಬೋಟಲ್ಲಿ ಆ ತಲೆನೋವು ಕಮ್ಮಿ ಇರುತ್ತೆ ಅಂತ ನನ್ನ ಲೆಕ್ಕ. ಫಿನ್ಲೆಂಡಿನವರ ಹತ್ರ ವಶಪಡಿಸ್ಕೊಂಡ ಟಿ-28, ಟಿ-34 ಟ್ಯಾಂಕುಗಳು ಆಗ್ಲೇ ಓಡ್ತಿದ್ವು, ಅಂದ್ರೆ ಆ ತೋಪಿನ ಗುಂಡು, ಅದನ್ನ ಬಿಚ್ಚಿ ಜೋಡಿಸೋಕೆ ಗೊತ್ತಿರೋ ಮೆಕ್ಯಾನಿಕ್ಕು ಎರಡೂ ಮನೇಲೇ ಇದ್ದ ಹಾಗೆ.

ನಿಮ್ಮ ಫೋಟೋನ ಇನ್ನೊಂದು ಸಲ ಝೂಮ್ ಮಾಡಿ ನೋಡಿ. ಟರೆಟ್ ಗುಂಡಗಿದ್ದು ತೋಪಿನ ನಳಿಗೆ ಮೊಟಕಾಗಿದ್ರೆ ಅದು ಟಿ-28ರದು. ನಳಿಗೆ ಉದ್ದಕ್ಕಿದ್ದು, ಟರೆಟ್ ಆರು ಮೂಲೆ ಡಬ್ಬಿ ಥರ ಕಂಡ್ರೆ ಟಿ-34. ಮುಂದೊಂದು ಹಿಂದೊಂದು ಟರೆಟ್ ಇದ್ರೆ 1124. ಬಾವುಟ ಕಾಣಿಸಿದ್ರೆ ಅದನ್ನೂ ಬರೆದು ಕಳಿಸಿ, ಯಾರ ಕೈಲಿತ್ತು ಅಂತ ಅದರಿಂದಲೇ ಹೇಳ್ಬಹುದು.